ನಿಷ್ಕಾರಣ ಸಂಚಾರ

ನಮ್ಮ ಹಿರಿಯರು ಮನೆಯಿಂದ ಹೊರಟರೆಂದರೆ ಅದಕ್ಕೊಂದು ಕಾರಣವಿರುತ್ತಿತ್ತು. ದೇವರ ದರ್ಶನಕ್ಕೆ ಹೊರಟರೆ ಯಾತ್ರೆ. ಕಾಳುಕಡ್ಡಿ ತರಲು ಹೊರಟರೆ ಸಂತೆ. ತೇರಿಗೆ ಹೊರಟರೆ ಜಾತ್ರೆ. ಹೆಣ್ಣುಮಕ್ಕಳು ಹೊರಟರೆ ತವರುಮನೆ, ಬಾಣಂತನ, ಮದುವೆ, ಇಲ್ಲವೆ ಸಾವು. ಯಾವ ಕಾರಣವೂ ಇಲ್ಲದೆ, ಸುಮ್ಮನೆ, ಗಂಡಹೆಂಡಿರಿಬ್ಬರೂ ಜೊತೆಯಾಗಿ ಹೊರಟು, ಎಲ್ಲಿಯೋ ಒಂದು ಕಡೆ ಕುಳಿತು, ಕಟ್ಟಿಕೊಂಡು ಹೋದ ಬುತ್ತಿಯನ್ನು ಉಂಡು, ಹೊತ್ತು ಮುಳುಗುವುದರೊಳಗೆ ಮನೆ ಸೇರುವುದಕ್ಕೆ ಅವರ ಮಾತಿನಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ ಕೆಲಸವನ್ನು ಮಾಡುವವರನ್ನು ಲೋಕವು ಸ್ವಲ್ಪ ಸಂಶಯದಿಂದಲೇ ನೋಡುವುದು. ಕಳೆದ ಎರಡು ವರ್ಷಗಳಿಂದ ಆ ಸಂಶಯಕ್ಕೆ ಪಾತ್ರರಾಗಿರುವ ದಂಪತಿಗಳ ಸಾಲಿನಲ್ಲಿ ನಾವೂ ಸೇರಿದ್ದೇವೆ.

ನಾವಿರುವುದು ಪಾಂಡವಪುರದಲ್ಲಿ. ಕಚೇರಿಯ ಕೆಲಸದಿಂದ ವಿಶ್ರಾಂತಿ ದೊರೆತು ಮೂರು ವರ್ಷಗಳಾದುವು. ಕೆಲಸದಲ್ಲಿದ್ದಷ್ಟು ಕಾಲ ಹೊರಗೆ ತಿರುಗುವುದು ನಮ್ಮ ಪಾಲಿಗೂ, ಮನೆಯನ್ನು ನಡೆಸುವುದು ನಮ್ಮ ಗೃಹಿಣಿಯ ಪಾಲಿಗೂ ಬಂದಿದ್ದಿತು. ಅತ್ತೆಮಾವಂದಿರ ಆರೈಕೆ, ಮಕ್ಕಳ ಪಾಠ, ಬಂದವರ ಉಪಚಾರ, ಹಬ್ಬಹುಣ್ಣಿಮೆ ಇವುಗಳ ನಡುವೆ ಆಕೆಗೆ ಮೂವತ್ತು ವರ್ಷಗಳು ಕಳೆದುಹೋದುವು. ನಿವೃತ್ತಿಯೆಂಬುದು ನಮಗೆ ಮಾತ್ರ ದೊರೆಯಿತು. ಅಡಿಗೆಮನೆಯಿಂದ ನಿವೃತ್ತಿವೇತನ ಪಡೆದ ಗೃಹಿಣಿಯನ್ನು ನಾವು ಈವರೆಗೆ ಕಂಡಿಲ್ಲ. ಆದರೆ ಆಕೆಗೂ ಒಂದು ಸೌಲಭ್ಯವು ಅನಿರೀಕ್ಷಿತವಾಗಿ ಒದಗಿ ಬಂದಿತು. ೨೦೨೩ನೆಯ ಇಸವಿಯ ಜೂನ್ ೧೧ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆಯು ಜಾರಿಗೆ ಬಂದು, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾಯಿತು. ಅಂದಿನಿಂದ ನಮ್ಮ ಸಂಸಾರದ ಅರ್ಥಶಾಸ್ತ್ರವೇ ತಲೆಕೆಳಗಾಯಿತೆನ್ನಬೇಕು. ನಿರ್ವಾಹಕನು ಆಕೆಯ ಗುರುತಿನ ಚೀಟಿಯನ್ನು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಗೌರವದಿಂದ ಕೊಡುವನು. ನಮ್ಮ ಕಡೆಗೆ ತಿರುಗಿ ಕೈ ಚಾಚುವನು.

"ನಾನು ಒಬ್ಬಳೇ ಹೊರಟರೆ ಕಾಸು ಖರ್ಚಿಲ್ಲ. ನಿಮ್ಮನ್ನು ಕರೆದುಕೊಂಡು ಹೋಗುವುದೇ ಒಂದು ದುಂದು" ಎಂದು ಆಕೆ ಮೊದಲನೆಯ ದಿನವೇ ನುಡಿದಳು. ಆದರೂ ಕರೆದುಕೊಂಡು ಹೋದಳು.

ನಮ್ಮ ಸೀಮೆಯಲ್ಲಿ ದಂಪತಿಗಳು ಬೀದಿಯಲ್ಲಿ ನಡೆಯುವುದಕ್ಕೆ ಹಿಂದಿನಿಂದ ಬಂದ ಒಂದು ಕ್ರಮವುಂಟು. ಗಂಡನು ಮುಂದೆ ಕೈಬೀಸಿಕೊಂಡು ನಡೆಯುವನು. ಹೆಂಡತಿಯು ನಾಲ್ಕು ಮಾರು ಹಿಂದೆ ಚೀಲವನ್ನೋ ಮಗುವನ್ನೋ ಹೊತ್ತು ನಡೆಯುವಳು. ಮಾತಿಗೆ ಎಟುಕದಷ್ಟು ದೂರ, ಕಣ್ಣಿಗೆ ತಪ್ಪದಷ್ಟು ಹತ್ತಿರ. ನಮ್ಮ ತಂದೆತಾಯಿಗಳು ಹಾಗೆಯೇ ನಡೆದರು; ನಾವೂ ಬಹುಕಾಲ ಹಾಗೆಯೇ ನಡೆದೆವು. ಈಗ ನಮ್ಮ ಎಡಮೊಣಕಾಲು ಸ್ವಲ್ಪ ಹಟಮಾಡುತ್ತಿರುವುದರಿಂದ ಕ್ರಮವು ತಿರುಗುಮುರುಗಾಗಿದೆ. ಆಕೆ ಮುಂದೆ ಹೋಗಿ ಬಸ್ಸನ್ನು ನಿಲ್ಲಿಸಿ ಜಾಗ ಹಿಡಿಯುವಳು. ನಾವು ಹಿಂದಿನಿಂದ ಚೀಲವನ್ನು ಹಿಡಿದು ಹತ್ತುವೆವು. ಅಂಗಡಿಯ ಜಗಲಿಯ ಮೇಲೆ ಕುಳಿತ ಮಿತ್ರರು, "ಏನು ಸ್ವಾಮಿ, ಎಲ್ಲಿಗೆ ಹೊರಟಿರಿ? ಏನು ವಿಶೇಷ?" ಎಂದು ಕೇಳುವರು. ವಿಶೇಷವೇನೂ ಇಲ್ಲವೆಂದರೆ ನಂಬುವುದಿಲ್ಲ. ಒಬ್ಬರು ನಾವು ಗುಟ್ಟಾಗಿ ಜಮೀನು ನೋಡುತ್ತಿದ್ದೇವೆಂದೂ, ಇನ್ನೊಬ್ಬರು ಹೆಣ್ಣು ನೋಡುತ್ತಿದ್ದೇವೆಂದೂ ನಿಶ್ಚಯಿಸಿದರು. ಸಣ್ಣ ಊರಿನ ಈ ಕುತೂಹಲವು ಕೆಲವರಿಗೆ ಬೇಸರವನ್ನುಂಟುಮಾಡುವುದು. ನಮಗಾದರೋ, ನಾವು ಒಂದು ದಿನ ಬೀದಿಯಲ್ಲಿ ಕಾಣದಿದ್ದರೆ ಏಕೆಂದು ಕೇಳುವವರು ಹತ್ತು ಮಂದಿ ಇರುವರೆಂಬುದು ಸಣ್ಣ ಭಾಗ್ಯವಾಗಿ ತೋರುವುದಿಲ್ಲ.

ಪಾಂಡವಪುರವು ಹೆಸರುಗಳಲ್ಲಿ ಶ್ರೀಮಂತವಾದ ಊರು. ಮೊದಲು ಇದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಬಳಿ ಪಾಳೆಯ ಬಿಟ್ಟಿದ್ದುದರಿಂದ ಇಂಗ್ಲಿಷರ ಬಾಯಲ್ಲಿ ಇದು ಫ್ರೆಂಚ್ ರಾಕ್ಸ್ ಆಯಿತು. ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿಯ ಬೆಟ್ಟದಲ್ಲಿ ವಾಸವಾಗಿದ್ದರೆಂಬ ಐತಿಹ್ಯದಿಂದ ಬಂದುದು ಈಗಿನ ಹೆಸರು. ಹೆಸರು ಎಷ್ಟು ಸಲ ಬದಲಾದರೂ ಕುಂತಿಬೆಟ್ಟದ ಎರಡು ಶಿಖರಗಳು ಅಲುಗಲಿಲ್ಲ. ಆಲೆಮನೆಗಳು ನಡೆಯುವ ಕಾಲದಲ್ಲಿ ಸಂಜೆ ನಾಲೆಯ ಏರಿಯ ಮೇಲೆ ನಡೆದರೆ, ಕಾಯುತ್ತಿರುವ ಕಬ್ಬಿನ ಹಾಲಿನ ವಾಸನೆಯು ಗಾಳಿಯಲ್ಲಿ ತೇಲಿ ಬರುವುದು. ಆ ನಾಲೆಯೂ ಹೆಸರು ಬದಲಾಯಿಸಿಕೊಂಡುದೇ. ಇರ್ವಿನ್ ನಾಲೆಯೆಂದು ಹುಟ್ಟಿ ವಿಶ್ವೇಶ್ವರಯ್ಯ ನಾಲೆಯಾಯಿತು. ೧೯೧೧ರಲ್ಲಿ ಪ್ರಾರಂಭವಾಗಿ ೧೯೩೨ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆಯ ನೀರು ಹರಿದ ಮೇಲೆ, ರಾಗಿ ಹುರುಳಿಗಳ ನೆಲವು ಕಬ್ಬು ಭತ್ತಗಳ ನೆಲವಾಯಿತು. ನಮ್ಮ ತಾತಂದಿರು ಮುದ್ದೆಯಲ್ಲಿ ಬೆಳೆದು, ಅನ್ನದ ಊಟವನ್ನು ಹಬ್ಬದ ದಿನ ಮಾತ್ರ ಕಂಡವರು.

ಆ ಕಟ್ಟೆಯ ನೀರಿನಲ್ಲಿ ಕನ್ನಂಬಾಡಿ ಎಂಬ ಊರೇ ಮುಳುಗಿತು. ಅಲ್ಲಿಯ ವೇಣುಗೋಪಾಲಸ್ವಾಮಿಯ ಹಳೆಯ ದೇವಾಲಯವು ದಶಕಗಳ ಕಾಲ ನೀರಿನಡಿಯಲ್ಲಿದ್ದು, ಮಳೆಯಿಲ್ಲದ ವರ್ಷಗಳಲ್ಲಿ ತಲೆಯೆತ್ತಿ ಕಾಣುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದರ ಕಲ್ಲುಗಳನ್ನು ಒಂದೊಂದಾಗಿ ಗುರುತುಮಾಡಿ ಬಿಚ್ಚಿ, ಹೊಸಕನ್ನಂಬಾಡಿಯ ಬಳಿ ಎತ್ತರದ ಜಾಗದಲ್ಲಿ ಮೊದಲಿನಂತೆಯೇ ಜೋಡಿಸಿ ನಿಲ್ಲಿಸಿದರು. ನಾವಿಬ್ಬರೂ ಅದನ್ನು ನೋಡಲು ಹೋದಾಗ ಆಕೆ ಪ್ರಾಕಾರದ ನೆರಳಿನಲ್ಲಿ ಬಹಳ ಹೊತ್ತು ಕುಳಿತಿದ್ದು, "ಕಲ್ಲುಗಳೆಲ್ಲಾ ಬಂದುವು. ಆ ಊರಿನ ಜನ ಎಲ್ಲೆಲ್ಲಿಗೆ ಹೋದರೋ!" ಎಂದಳು. ಆಕೆಯ ಮಾತಿನ ಹಿಂದೆ ಏನಿದ್ದಿತೆಂಬುದು ನಮಗೆ ತಿಳಿದಿದ್ದಿತು. ಅದನ್ನು ಇಲ್ಲಿ ಹೇಳಬೇಕು.

ನಮ್ಮ ಚಿರಂಜೀವಿಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು; ಸೊಸೆಯೂ ಉದ್ಯೋಗಸ್ಥೆ. ಒಂದೂವರೆ ವರ್ಷದ ಮೊಮ್ಮಗಳನ್ನು ಹಗಲಿನಲ್ಲಿ ನೋಡಿಕೊಳ್ಳಲು ಸಂಬಳದ ಆಯಾ ಬರುವಳು. ಒಂದೊಂದು ದಿನ ಬರುವುದಿಲ್ಲ. ಕಳೆದ ಸಂಕ್ರಾಂತಿಗೆ ಬಂದಾಗ ಅವನು ಒಂದು ಪ್ರಸ್ತಾಪವನ್ನು ಬಹು ವಿನಯದಿಂದ ಮುಂದಿಟ್ಟನು. ನಾವಿಬ್ಬರೂ ಬೆಂಗಳೂರಿಗೆ ಬಂದುಬಿಡಬೇಕು. ಇಲ್ಲಿಯ ಮನೆಗೆ ಒಳ್ಳೆಯ ಬೆಲೆ ಬರುತ್ತಿರುವುದರಿಂದ ಈಗಲೇ ಮಾರುವುದು ಲೇಸು. ಆ ಹಣದಿಂದ ಅವನ ಮನೆಯ ಸಾಲವು ಬಹುಮಟ್ಟಿಗೆ ತೀರುವುದು. ಯುಗಾದಿಯ ಹೊತ್ತಿಗೆ ಯೋಚಿಸಿ ತಿಳಿಸಿರೆಂದು ಕೇಳಿಕೊಂಡನು. ಇದರಲ್ಲಿ ಅನ್ಯಾಯದ ಮಾತು ಒಂದೂ ಇರಲಿಲ್ಲ. ನ್ಯಾಯವಾದ ಮಾತಿಗೆ ಉತ್ತರ ಹೇಳುವುದೇ ಹೆಚ್ಚು ಕಷ್ಟ.

ಅಲ್ಲಿಂದ ಮುಂದೆ ನಮ್ಮ ನಿಷ್ಕಾರಣ ಸಂಚಾರಗಳಿಗೆ ಒಂದು ಕಾರಣವು ತಾನಾಗಿಯೇ ಅಂಟಿಕೊಂಡಿತು. ಮನೆಯಲ್ಲಿ ಈ ವಿಷಯವಾಗಿ ಮಾತನಾಡಲು ನಮ್ಮಿಂದ ಆಗುತ್ತಿರಲಿಲ್ಲ. ಮನೆಯ ಗೋಡೆಗಳಿಗೆ ಬೇರೆಯ ಮಾತುಗಳು ಅಭ್ಯಾಸವಾಗಿಬಿಟ್ಟಿವೆ. ಹಾಲಿನವನ ಲೆಕ್ಕ, ವಿದ್ಯುತ್ತಿನ ಬಿಲ್ಲು, ತೆಂಗಿನಕಾಯಿ ಕೀಳಿಸುವ ದಿನ. ಗಂಡಹೆಂಡಿರು ಒಂದು ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆ, ಎದುರಿನ ರಸ್ತೆಯನ್ನು ನೋಡುತ್ತಾ ಆಡುವ ಮಾತಿಗೆ ಬೇರೊಂದು ಸರಾಗವುಂಟೆಂಬುದನ್ನು ನಾವು ಈ ವಯಸ್ಸಿನಲ್ಲಿ ಕಂಡುಕೊಂಡೆವು.

ಶ್ರೀರಂಗಪಟ್ಟಣವು ನಮಗೆ ಅತಿ ಸಮೀಪದ ಊರು. ೧೭೯೯ರ ಮೇ ೪ರಂದು ಟಿಪ್ಪುಸುಲ್ತಾನನು ಮಡಿದ ಮೇಲೆ ರಾಜಧಾನಿಯ ಪದವಿಯು ಮೈಸೂರಿಗೆ ಹೋಯಿತು. ದ್ವೀಪದ ಪೂರ್ವಭಾಗದ ಗಂಜಾಮಿನ ಪೇಟೆಯನ್ನು ತುಂಬಲು ಟಿಪ್ಪುವು ಶಿರಾ ಪಟ್ಟಣದಿಂದ ಸಾವಿರಾರು ಸಂಸಾರಗಳನ್ನು ಕರೆತರಿಸಿದ್ದನಂತೆ. ಬಂದವರು ಬೇರುಬಿಡುವಷ್ಟರಲ್ಲಿ ರಾಜ್ಯವೇ ಬಿದ್ದಿತು. ದೊಡ್ಡ ಊರಾಗಿದ್ದು ಸಣ್ಣ ಊರಾದುದಕ್ಕೆ ಒಂದು ಗಾಂಭೀರ್ಯವಿರುವುದು. ದರಿಯಾ ದೌಲತ್ತಿನ ತೋಟದಲ್ಲಿ ಹುಲ್ಲಿನ ಮೇಲೆ ಕುಳಿತರೆ ಅದು ಅನುಭವಕ್ಕೆ ಬರುವುದು. ೧೭೮೪ರಲ್ಲಿ ಕಟ್ಟಿಸಿದ ಆ ಬೇಸಗೆಯ ಅರಮನೆಯ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರಿನ ಕಾಳಗದ ಚಿತ್ರವಿದೆ. ಆನೆ ಕುದುರೆ ಕತ್ತಿ ಬಂದೂಕುಗಳ ನಡುವೆ ಇಂಗ್ಲಿಷರ ದಳಪತಿ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿರುವನು. ನಾವು ಆ ಯುದ್ಧದ ಕಥೆಯನ್ನು ವಿಸ್ತಾರವಾಗಿ ವಿವರಿಸಿದೆವು. ಆಕೆ ಕೇಳಿದ ಒಂದೇ ಪ್ರಶ್ನೆ: "ಇಷ್ಟು ಜನಕ್ಕೆ ಅಡಿಗೆ ಮಾಡಿದವರನ್ನು ಏಕೆ ಬರೆಯಲಿಲ್ಲ?" ಚರಿತ್ರೆಯನ್ನು ಬರೆಯುವವರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟರೆ ಒಳ್ಳೆಯದು.

೨೦೨೩ರ ಮಾರ್ಚಿ ತಿಂಗಳಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಯಾದ ಮೇಲೆ, ಶ್ರೀರಂಗಪಟ್ಟಣವನ್ನು ಬಳಸಿಕೊಂಡು ವಾಹನಗಳು ಹೊರಗಿನಿಂದಲೇ ಹಾರಿಹೋಗುವುವು. ಪಟ್ಟಣದ ಉತ್ತರಕ್ಕೆ, ದಿವಾನ್ ಪೂರ್ಣಯ್ಯನವರು ೧೮೦೪ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಕಾವೇರಿಯ ನೀರಿನಲ್ಲಿ ಇನ್ನೂ ಕಾಲೂರಿಕೊಂಡು ನಿಂತಿವೆ. ಬೇಗ ಹೋಗುವ ರಸ್ತೆಯೂ ಲೋಕಕ್ಕೆ ಬೇಕು. ಅದನ್ನು ನಾವು ಹಳಿಯುವುದಿಲ್ಲ. ನಮ್ಮ ಮಗನು ಆ ರಸ್ತೆಯಿಂದಲೇ ಹಬ್ಬಕ್ಕೆ ಊಟದ ಹೊತ್ತಿಗೆ ಬಂದು ಮುಟ್ಟುವನು. ಆದರೆ ಬೇಗ ಹೋಗುವ ರಸ್ತೆಯಲ್ಲಿ ಊರುಗಳು ಫಲಕದ ಮೇಲಿನ ಹೆಸರುಗಳಾಗಿಬಿಡುವುವು.

ಅಲ್ಲಿಗೆ ಹತ್ತಿರದ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿದೆವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಮೈಸೂರು ಸರ್ಕಾರವು ಈ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿತು. ಗೂಡುಕಟ್ಟುವ ಕಾಲವಾದುದರಿಂದ ಪೊದೆಗಳ ಮೇಲೆ ಬಣ್ಣದ ಕೊಕ್ಕರೆಗಳು ತುಂಬಿದ್ದುವು. ಒಂದು ಹಕ್ಕಿ ಗೂಡಿನಲ್ಲಿ ಮರಿಗಳಿಗೆ ನೆರಳಾಗಿ ರೆಕ್ಕೆ ಹರಡಿ ನಿಂತಿದ್ದರೆ ಅದರ ಜೊತೆಯದು ಆಹಾರವನ್ನು ತರಲು ಹಾರುತ್ತಿದ್ದಿತು. ಬಂಡೆಯ ಮೇಲೆ ಮೊಸಳೆಯೊಂದು ಬಾಯ್ತೆರೆದು ಬಿಸಿಲು ಕಾಯುತ್ತಿದ್ದಿತು. ಆಕೆ ಮೊಸಳೆಯನ್ನು ನೋಡಲೇ ಇಲ್ಲ. "ಆ ಆಯಾ ಇವತ್ತು ಬಂದಿದ್ದಾಳೋ ಇಲ್ಲವೋ" ಎಂದಳು.

ಕೃಷ್ಣರಾಜಪೇಟೆಗೆ ನಾವು ಹೋದುದು ಶಿವರಾತ್ರಿ ಕಳೆದ ಮೇಲೆ, ಚಿನಕುರಳಿಯ ಮಾರ್ಗವಾಗಿ. ಈ ಊರಿಗೂ ಹಳೆಯ ಹೆಸರೊಂದುಂಟು: ಅತ್ತಿಗುಪ್ಪೆ. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನಲ್ಲಿ, ಹದಿಮೂರನೆಯ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯವಿದೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ ಮಹಾಭಾರತಗಳ ಕಥೆ, ಮೇಲೆ ಮಕರ, ಹಂಸ. ಬೇಲೂರು ಹಳೆಯಬೀಡುಗಳಲ್ಲಿ ಇರುವಂತೆ ಜನಜಂಗುಳಿಯಿಲ್ಲ. ಸುತ್ತಲೂ ಊರಿನ ಮನೆಗಳು; ಅಂಗಳದಲ್ಲಿ ಯಾರೋ ಮೆಣಸಿನಕಾಯಿ ಒಣಗಹಾಕಿದ್ದರು. ಒಬ್ಬ ಮುದುಕಿಯು ಬಂದು, "ಯಾವೂರ್ ತಾಯಿ ನಿಮ್ದು? ಊಟ ಆಯ್ತಾ?" ಎಂದು ನಮ್ಮಾಕೆಯನ್ನು ವಿಚಾರಿಸಿ, ಬೇಡವೆಂದರೂ ಕೇಳದೆ ಎರಡು ಲೋಟ ಮಜ್ಜಿಗೆಯನ್ನು ತಂದುಕೊಟ್ಟಳು. ಶಿಲ್ಪಗಳ ವಿವರವನ್ನು ನಾವು ಪುಸ್ತಕದಲ್ಲಿ ಓದಬಹುದು. ಮಜ್ಜಿಗೆಯು ಪುಸ್ತಕದಲ್ಲಿ ದೊರೆಯುವುದಿಲ್ಲ.

ಈ ತಾಲ್ಲೂಕು ಕನ್ನಡಕ್ಕೆ ಕೊಟ್ಟಿರುವುದು ಸ್ವಲ್ಪವಲ್ಲ. ಲಲಿತ ಪ್ರಬಂಧಗಳನ್ನು ಬರೆದು, ನೂರು ವರ್ಷಗಳನ್ನು ದಾಟಿ ಬಾಳಿದ ಎ. ಎನ್. ಮೂರ್ತಿರಾಯರು ೧೯೦೦ರಲ್ಲಿ ಹುಟ್ಟಿದುದು ಇಲ್ಲಿಯ ಅಕ್ಕಿಹೆಬ್ಬಾಳಿನಲ್ಲಿ. ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಹುಟ್ಟಿದುದು ಕಿಕ್ಕೇರಿಯಲ್ಲಿ. ಅವರ 'ಮೈಸೂರ ಮಲ್ಲಿಗೆ'ಯು ೧೯೪೨ರಲ್ಲಿ ಹೊರಬಂದು, ಅಂದಿನಿಂದ ಎಷ್ಟು ಮದುವೆಗಳಲ್ಲಿ ಉಡುಗೊರೆಯಾಯಿತೋ ಲೆಕ್ಕವಿಲ್ಲ. ನಮ್ಮ ಮದುವೆಯಲ್ಲಿಯೂ ಎರಡು ಪ್ರತಿಗಳು ಬಂದುವು. ಒಂದನ್ನು ಯಾರೋ ಓದಲೆಂದು ಕೊಂಡುಹೋದರು. ಇನ್ನೊಂದು ಆಕೆಯ ಪೆಟ್ಟಿಗೆಯಲ್ಲಿ ರೇಷ್ಮೆಸೀರೆಗಳ ನಡುವೆ ಇದೆ. ನಾವು ಯೋಚಿಸುವುದೇನೆಂದರೆ, ಗಂಡನು ನಾಲ್ಕು ಮಾರು ಮುಂದೆ ನಡೆಯುತ್ತಿದ್ದ ನಾಡಿನಲ್ಲಿಯೇ, ಗಂಡಹೆಂಡಿರ ಒಲವನ್ನು ಇಷ್ಟು ಸರಳವಾಗಿ ಹಾಡಿದ ಕವಿಯು ಹುಟ್ಟಿದನಲ್ಲ! ಬೀದಿಯಲ್ಲಿ ಆಡಲಾಗದುದನ್ನು ಆ ಜನ ಎಲ್ಲಿಯೋ ಆಡಿಕೊಳ್ಳುತ್ತಿದ್ದಿರಬೇಕು. ಕವಿಯ ಕಿವಿಗೆ ಅದು ಬಿದ್ದಿರಬೇಕು. ಕಿಕ್ಕೇರಿಯಲ್ಲಿ ೧೧೭೧ರ ಬ್ರಹ್ಮೇಶ್ವರ ದೇವಾಲಯದ ಕಟ್ಟೆಯ ಮೇಲೆ ಕುಳಿತು, ನಾವು ಈ ಮಾತನ್ನು ಹೇಳಿದಾಗ ಆಕೆ ನಕ್ಕು, "ಅಡಿಗೆಮನೆಯ ಬಾಗಿಲಲ್ಲಿ ಆಡುತ್ತಿದ್ದರು. ನಿಮಗೆ ಆಗ ಪತ್ರಿಕೆ ಅಡ್ಡವಿರುತ್ತಿತ್ತು" ಎಂದಳು.

ಯುಗಾದಿಗೆ ಹತ್ತು ದಿನಗಳಿರುವಾಗ ನಾಗಮಂಗಲಕ್ಕೆ ಹೊರಟೆವು. ಬಸ್ಸಿನಲ್ಲಿ ನಮ್ಮ ಮುಂದಿನ ಸಾಲಿನಲ್ಲಿ ಮೂವರು ಹಳ್ಳಿಯ ಮುದುಕಿಯರು. ಮೇಲುಕೋಟೆಗೆ ಹೋಗುವವರು, ಜಕ್ಕನಹಳ್ಳಿಯಲ್ಲಿ ಇಳಿಯಬೇಕೆಂದು ನಿರ್ವಾಹಕನಿಗೆ ಐದು ಸಲ ಹೇಳಿದರು. ಅವರಲ್ಲೊಬ್ಬಳು ಚೆಲುವನಾರಾಯಣನನ್ನು ನೋಡುವುದು ಅದೇ ಮೊದಲಂತೆ. ಹುಟ್ಟಿದಂದಿನಿಂದ ಆ ಬೆಟ್ಟವನ್ನು ತನ್ನ ಹೊಲದಿಂದ ನೋಡುತ್ತಿದ್ದವಳು! "ಯಾರ್ ಕರ್ಕೊಂಡೋಗ್ತಾರೆ ಅಂತ ಕಾಯ್ತಾ ಕೂತಿದ್ದೆ, ಈಗ ನಾನೇ ಹೊಂಟೆ" ಎಂದಳು. ನಮ್ಮಾಕೆ ಆ ಮಾತನ್ನು ಕೇಳಿ ಕಿಟಕಿಯ ಕಡೆಗೆ ತಿರುಗಿಕೊಂಡಳು.

ನಾಗಮಂಗಲದ ಕಡೆಗೆ ಹೋದಂತೆ ನಾಲೆಯ ಹಸುರು ಹಿಂದೆ ಉಳಿದು, ಕಲ್ಲುಭೂಮಿಯೂ ತೆಂಗಿನ ತೋಟಗಳೂ ಎದುರಾಗುವುವು. ಊರು ಲೋಹದ ಕೆಲಸಕ್ಕೆ ಬಹುಕಾಲದಿಂದ ಹೆಸರಾದುದು. ಆಕೆ ಅತ್ತೆಯವರ ಕಾಲದ ಹಿತ್ತಾಳೆಯ ದೀಪದ ಕಂಬವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅದರ ಬುಡವು ಸಡಿಲವಾಗಿದ್ದಿತು. ಅದನ್ನು ಸರಿಮಾಡುತ್ತಿದ್ದ ಕೆಲಸಗಾರನು ಮೂರ್ತಿಗಳನ್ನು ಎರಕಹೊಯ್ಯುವ ರೀತಿಯನ್ನೂ ಹೇಳಿದನು. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದುವರು; ಅದರ ಮೇಲೆ ಮಣ್ಣನ್ನು ಮೆತ್ತಿ ಒಣಗಿಸುವರು; ಕಾಯಿಸಿದಾಗ ಮೇಣವು ಕರಗಿ ಹೊರಗೆ ಹರಿಯುವುದು; ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುವರು. ಆರಿದ ಮೇಲೆ ಮಣ್ಣನ್ನು ಒಡೆದರೆ ಮೂರ್ತಿಯು ದೊರೆಯುವುದು.

"ಹಾಗಾದರೆ ಒಂದು ಅಚ್ಚಿಗೆ ಒಂದೇ ವಿಗ್ರಹವೋ?" ಎಂದು ಆಕೆ ಕೇಳಿದಳು.

"ಒಂದೇ ತಾಯಿ. ಇನ್ನೊಂದು ಬೇಕಾದರೆ ಮತ್ತೆ ಮೊದಲಿಂದ."

ಸೌಮ್ಯಕೇಶವನ ದೇವಾಲಯದ ಎತ್ತರವಾದ ಗೋಪುರವನ್ನು ದಾಟಿ, ಒಳಗಿನ ಜಗಲಿಯ ಮೇಲೆ ಬುತ್ತಿಯನ್ನು ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಮಾವಿನಕಾಯಿಯ ಉಪ್ಪಿನಕಾಯಿ. ಊಟವಾದ ಮೇಲೆ ಆಕೆಯೇ ಮಾತೆತ್ತಿದಳು.

"ಎದುರುಮನೆಯವರು ಮಾರಿ ಹೋದರು, ಹಿಂದಿನ ಬೀದಿಯವರು ಬರುವುದಿಲ್ಲವೆಂದು ಹಟಮಾಡಿ ಮಗನೊಡನೆ ಮಾತು ಬಿಟ್ಟರು. ನಾವು ಇಬ್ಬರ ಅಚ್ಚಿನಲ್ಲಿಯೂ ಹೊಯ್ಯಿಸಿಕೊಳ್ಳಬೇಕಾಗಿಲ್ಲ. ಮಗು ಶಾಲೆಗೆ ಸೇರುವವರೆಗೆ ಹೋಗಿರೋಣ. ಎರಡು ವರ್ಷ. ಮನೆ ಮಾರುವುದು ಬೇಡ."

"ಅವನ ಸಾಲ?" ಎಂದೆವು.

"ಅವನ ಸಾಲ ಅವನು ತೀರಿಸುತ್ತಾನೆ, ಗಂಡಸು, ಹೆಂಡತಿ ದುಡಿಯುತ್ತಾಳೆ. ಆಯಾಗೆ ಕೊಡುವ ಸಂಬಳವಂತೂ ಉಳಿಯುವುದು. ರಂಗನತಿಟ್ಟಿನ ಕೊಕ್ಕರೆಗಳು ಮರಿ ಬೆಳೆಸಿ ಹೋಗುತ್ತವೆ, ಮತ್ತೆ ಬರುತ್ತವೆ. ನಡುಗಡ್ಡೆಯನ್ನು ಯಾರಿಗೂ ಮಾರಿ ಹೋಗುವುದಿಲ್ಲ."

ನಾವು ಎರಡು ತಿಂಗಳಿಂದ ಹುಡುಕುತ್ತಿದ್ದ ಉತ್ತರವು ಹೀಗೆ ಮೊಸರನ್ನವಾದ ಮೇಲೆ ಎರಡು ನಿಮಿಷದಲ್ಲಿ ದೊರೆಯಿತು. ಯುಗಾದಿಯ ದಿನ ಮಗನಿಗೆ ಅದನ್ನೇ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಹೇಳಿದಂತೆಯೇ ಆಗಲಿ" ಎಂದನು. ಅವನ ಧ್ವನಿಯಲ್ಲಿ ನಿರಾಶೆಯೂ ಸಮಾಧಾನವೂ ಎರಡೂ ಇದ್ದುವು. ಜೂನ್ ತಿಂಗಳಲ್ಲಿ ನಾವು ಹೊರಡತಕ್ಕದ್ದೆಂದು ನಿಶ್ಚಯವಾಗಿದೆ. ಬೀಗದಕೈ ಪಕ್ಕದ ಮನೆಯಲ್ಲಿರುವುದು. ತುಳಸಿಗೆ ನೀರು ಹಾಕುವ ಭಾರವನ್ನು ಅವರೇ ವಹಿಸಿಕೊಂಡಿರುವರು.

ಇಷ್ಟನ್ನು ಬರೆದುದಕ್ಕೆ ಕಾರಣವುಂಟು. ಮಂಡ್ಯವು ೧೯೩೯ರಲ್ಲಿ ಮೈಸೂರಿನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದಾಗ ಅದರೊಳಗೆ ಸೇರಿದ ಈ ನಾಲ್ಕು ತಾಲ್ಲೂಕುಗಳನ್ನು ನಾವು ಉದ್ಯೋಗದ ದೆಸೆಯಿಂದ ನೂರಾರು ಸಲ ಸುತ್ತಿದ್ದೆವು. ಕಾಗದದ ಮೇಲೆ ಅವುಗಳ ಹೋಬಳಿಗಳನ್ನೂ ಗ್ರಾಮಗಳನ್ನೂ ಬಲ್ಲೆವು. ಹೆಂಡತಿಯೊಡನೆ ಕೆಲಸವಿಲ್ಲದೆ ಸುತ್ತಿದಾಗ ಅದೇ ಊರುಗಳು ಬೇರೆಯಾಗಿ ಕಂಡುವು. ಆಕೆಯೂ ನಾವು ಬಲ್ಲೆವೆಂದು ತಿಳಿದುಕೊಂಡಿದ್ದುದಕ್ಕಿಂತ ಬೇರೆಯಾಗಿ ಕಂಡಳು. ಕೆಲಸದಿಂದ ಕೂಡಿಬಾಳಿದವರು ಒಬ್ಬರ ಕೆಲಸವನ್ನೊಬ್ಬರು ಚೆನ್ನಾಗಿ ಬಲ್ಲರು. ಒಬ್ಬರ ಮನಸ್ಸನ್ನೊಬ್ಬರು ಬಲ್ಲವರಾಗಬೇಕಾದರೆ ಸ್ವಲ್ಪ ಕಾಲವನ್ನು ಕೆಲಸವಿಲ್ಲದೆಯೂ ಕೂಡಿ ಕಳೆಯಬೇಕು. ಇದಕ್ಕೆ ಕಾಶಿಗೆ ಹೋಗಬೇಕಾಗಿಲ್ಲ, ಕಡಲನ್ನು ದಾಟಬೇಕಾಗಿಲ್ಲ. ಎರಡು ಡಬ್ಬಿ ಬುತ್ತಿ, ಒಂದು ಟಿಕೆಟ್ಟಿನ ಹಣ, ಪಕ್ಕದ ಊರಿನ ದೇವಾಲಯದ ನೆರಳು ಇಷ್ಟಿದ್ದರೆ ಸಾಕು. ಈ ಪತ್ರಿಕೆಯನ್ನು ಓದುವ ಗೃಹಸ್ಥರು ತಮ್ಮ ತಮ್ಮ ಊರಿನ ಸುತ್ತಮುತ್ತ ಇದನ್ನು ಪ್ರಯೋಗಿಸಿ ನೋಡಬಹುದು. ಜಗಲಿಯ ಮೇಲೆ ಕುಳಿತವರು ಎಲ್ಲಿಗೆ ಹೊರಟಿರೆಂದು ಕೇಳಿದರೆ, ಸುಮ್ಮನೆ ಎಂದು ಧೈರ್ಯವಾಗಿ ಹೇಳಿರಿ. ಮೊದಲು ಯಾರೂ ನಂಬುವುದಿಲ್ಲ. ಮೂರನೆಯ ವಾರದ ಹೊತ್ತಿಗೆ, ಮುಂದಿನ ಸಲ ತಾವೂ ಬರಬಹುದೇ ಎಂದು ಕೇಳುವರು.